ಮೊಂಬಾಸಾದ ಕೋಟೆ, ಕೆಂಗೆಲೇನಿಯ ಗಂಟೆ

ಕೀನ್ಯಾ ಎಂದ ಕೂಡಲೇ ಮಕ್ಕಳು ‘ಸಿಂಹ!’ ಎನ್ನುತ್ತಾರೆ. ದೊಡ್ಡವರು ‘ಮಸಾಯ್ ಮಾರಾ’ ಎನ್ನುತ್ತಾರೆ. ಆದರೆ ಆ ದೇಶಕ್ಕೆ ಇನ್ನೊಂದು ಮುಖವಿದೆ. ಅದು ಸಮುದ್ರದ ಕಡೆಗೆ, ಅಂದರೆ ನಮ್ಮ ಕಡೆಗೆ ತಿರುಗಿದ ಮುಖ. ಅಲ್ಲಿ ಹವಳದ ಕಲ್ಲಿನ ಕೋಟೆಯಿದೆ, ಕೆತ್ತನೆಯ ಬಾಗಿಲುಗಳ ಹಳೇ ಪೇಟೆಯಿದೆ, ಕಾಡು ನುಂಗಿದ ಒಂದು ಊರೇ ಇದೆ. ಕಾರವಾರದ ದಡದಲ್ಲಿ ನಿಂತು ಪಡುವಣಕ್ಕೆ ನೋಡಿದರೆ ಕಾಣುವ ನೀರು ಮತ್ತು ಮೊಂಬಾಸಾದಲ್ಲಿ ನಿಂತು ಮೂಡಣಕ್ಕೆ ನೋಡಿದರೆ ಕಾಣುವ ನೀರು ಒಂದೇ. ನೂರಾರು ವರ್ಷ ಮಳೆಗಾಲದ ಗಾಳಿಯನ್ನೇ ನಂಬಿ ಹಾಯಿಹಡಗುಗಳು ಈ ಎರಡು ದಡಗಳ ನಡುವೆ ಓಡಾಡಿವೆ. ವರ್ಷದಲ್ಲಿ ಕೆಲವು ತಿಂಗಳು ಗಾಳಿ ಇಲ್ಲಿಂದ ಅಲ್ಲಿಗೆ, ಕೆಲವು ತಿಂಗಳು ಅಲ್ಲಿಂದ ಇಲ್ಲಿಗೆ. ಪೆಟ್ರೋಲು ಬೇಡ, ಟಿಕೆಟ್ಟೂ ಬೇಡ!

ನನ್ನ ಮಗಳು, ಅಳಿಯ ನೈರೋಬಿಯಲ್ಲಿದ್ದಾರೆ. ಕಳೆದ ಆಗಸ್ಟಿನಲ್ಲಿ ಮಕ್ಕಳಿಗೆ ಶಾಲೆಯ ರಜೆ ಇದ್ದಾಗ ನಾನು, ನನ್ನಾಕೆ ಅಲ್ಲಿಗೆ ಹೋಗಿದ್ದೆವು. ‘ಪ್ರಾಣಿಗಳನ್ನು ಆಮೇಲೆ ನೋಡೋಣ, ಮೊದಲು ಕಲ್ಲುಗಳನ್ನು ನೋಡೋಣ’ ಎಂದೆ. ಆರನೇ ತರಗತಿಯ ಮೊಮ್ಮಗ ಮುಖ ಸೊಟ್ಟ ಮಾಡಿದ. ಅವನ ಅಕ್ಕ ಮಾತ್ರ ನೋಟ್ ಪುಸ್ತಕ, ಪೆನ್ಸಿಲು ಚೀಲಕ್ಕೆ ಹಾಕಿಕೊಂಡಳು.

ರೈಲಿನಲ್ಲಿ ಕಡಲಿನ ಕಡೆಗೆ

ನೈರೋಬಿಯಿಂದ ಮೊಂಬಾಸಾಕ್ಕೆ ಈಗ ‘ಮಡರಾಕಾ ಎಕ್ಸ್‌ಪ್ರೆಸ್’ ಎಂಬ ಹೊಸ ರೈಲಿದೆ. 2017ರಲ್ಲಿ ಆರಂಭವಾದದ್ದು. ಐದಾರು ಗಂಟೆಯ ಪ್ರಯಾಣ. ನಡುವೆ ಸಾವೋ ಕಾಡು ಬರುತ್ತದೆ. ಅಲ್ಲಿನ ಮಣ್ಣು ನಮ್ಮ ಮಲೆನಾಡಿನ ಮಣ್ಣಿನಂತೆ ಕೆಂಪು. ಅದನ್ನೇ ಮೈಮೇಲೆ ಎರಚಿಕೊಂಡು ಆನೆಗಳೂ ಕೆಂಪಗಾಗಿರುತ್ತವೆ. ಕಿಟಕಿಯಿಂದ ಹನ್ನೊಂದು ಕೆಂಪಾನೆಗಳು ಕಂಡವು. ಮೊಮ್ಮಗನ ಸೊಟ್ಟ ಮುಖ ಅಲ್ಲಿಗೇ ನೆಟ್ಟಗಾಯಿತು.

ಹೊಸ ಹಳಿಯಿಂದ ಹೆಚ್ಚು ದೂರವಿಲ್ಲದೆ ಹಳೆಯ ಹಳಿಯೂ ಸಾಗುತ್ತದೆ. ಅದನ್ನು ಹಾಕಿದವರು ನಮ್ಮ ದೇಶದವರು. 1896ರಲ್ಲಿ ಬ್ರಿಟಿಷರು ಮೊಂಬಾಸಾದಿಂದ ಕೆಲಸ ಶುರುಮಾಡಿ 1901ರಲ್ಲಿ ವಿಕ್ಟೋರಿಯಾ ಸರೋವರದ ದಡ ಮುಟ್ಟಿದರು. ಅದಕ್ಕಾಗಿ ಭಾರತದಿಂದ, ಹೆಚ್ಚಾಗಿ ಪಂಜಾಬಿನ ಕಡೆಯಿಂದ, 30 ಸಾವಿರಕ್ಕೂ ಮೀರಿ ಕೂಲಿಗಳನ್ನು ಕರೆತಂದಿದ್ದರು. ರೋಗ, ಬಿಸಿಲು, ಅಪಘಾತಗಳಿಗೆ ಸುಮಾರು 2,500 ಮಂದಿ ಬಲಿಯಾದರು. ಸಾವೋ ನದಿಗೆ ಸೇತುವೆ ಕಟ್ಟುವಾಗ 1898ರಲ್ಲಿ ಎರಡು ನರಭಕ್ಷಕ ಸಿಂಹಗಳು ರಾತ್ರಿ ಡೇರೆಗಳಿಗೆ ನುಗ್ಗಿ ಕೂಲಿಗಳನ್ನು ಎಳೆದೊಯ್ದವು. ಆ ಕಥೆ ಕೇಳಿ ಮೊಮ್ಮಗ ಕಿಟಕಿಯ ಗಾಜು ಸರಿಯಾಗಿ ಮುಚ್ಚಿದೆಯೇ ಎಂದು ಒಮ್ಮೆ ನೋಡಿಕೊಂಡ.

ಮಲಗಿದ ಮನುಷ್ಯನಂಥ ಕೋಟೆ

ಮೊಂಬಾಸಾ ಒಂದು ದ್ವೀಪ. ಅದರ ಹಳೇ ಪೇಟೆಯ ಅಂಚಿನಲ್ಲಿ, ಬಂದರಿನ ಬಾಯಿಗೆ ಕಾವಲು ಕುಳಿತಂತೆ ಫೋರ್ಟ್ ಜೀಸಸ್ ನಿಂತಿದೆ. ಪೋರ್ಚುಗೀಸರು ಇದನ್ನು 1593ರಿಂದ 1596ರ ಒಳಗೆ ಕಟ್ಟಿದರು. ನಕ್ಷೆ ಹಾಕಿದವನು ಜೊವಾನಿ ಬತ್ತಿಸ್ತಾ ಕೈರಾತಿ ಎಂಬ ಇಟಲಿಯವನು. ಇವನು ಗೋವಾದಲ್ಲಿದ್ದುಕೊಂಡು ಪೋರ್ಚುಗೀಸರಿಗೆ ಕೋಟೆಗಳ ನಕ್ಷೆ ಮಾಡಿಕೊಡುತ್ತಿದ್ದವನು. ಆಗ ಮೊಂಬಾಸಾದ ಮೇಲೆ ಅಧಿಕಾರ ನಡೆಯುತ್ತಿದ್ದುದೂ ಗೋವಾದಿಂದಲೇ. ಬ್ಯಾಂಕಿನ ಭಾಷೆಯಲ್ಲಿ ಹೇಳುವುದಾದರೆ ಗೋವಾ ಹೆಡ್ ಆಫೀಸು, ಮೊಂಬಾಸಾ ಶಾಖೆ.

ಮೇಲಿನಿಂದ ನೋಡಿದರೆ ಈ ಕೋಟೆ ಕೈಕಾಲು ಚಾಚಿ ಮಲಗಿದ ಮನುಷ್ಯನಂತೆ ಕಾಣುತ್ತದೆ. ನಕ್ಷೆಯಲ್ಲಿ ತಲೆ, ತೋಳು, ಕಾಲು ಎಲ್ಲವನ್ನೂ ಮೊಮ್ಮಗಳು ಬೆರಳಿಟ್ಟು ಗುರುತಿಸಿದಳು. ಗೋಡೆಗಳು ಹವಳದ ಕಲ್ಲಿನವು. ಸಮುದ್ರದ ಪುಟ್ಟ ಜೀವಿಗಳು ಸಾವಿರಾರು ವರ್ಷ ಕೂಡಿಟ್ಟ ಸುಣ್ಣವೇ ಆ ಕಲ್ಲು. ಹತ್ತಿರದಿಂದ ನೋಡಿದರೆ ಅದರಲ್ಲಿ ಚಿಪ್ಪಿನ ಗುರುತುಗಳು ಕಾಣುತ್ತವೆ.

ನಮಗೆ ಕೋಟೆ ತೋರಿಸಿದ ಮಾರ್ಗದರ್ಶಿ ನಲವತ್ತರ ಆಸುಪಾಸಿನವರು. ನನ್ನನ್ನು ಕಂಡೊಡನೆ ತಲೆಬಾಗಿ ‘ಶಿಕಾಮೂ, ಬಾಬು’ ಎಂದರು. ‘ಶಿಕಾಮೂ’ ಎಂದರೆ ಹಿರಿಯರಿಗೆ ಹೇಳುವ ನಮಸ್ಕಾರ. ‘ನಿಮ್ಮ ಕಾಲು ಹಿಡಿಯುತ್ತೇನೆ’ ಎಂಬುದು ಅದರ ಮೂಲ ಅರ್ಥವಂತೆ. ಅದಕ್ಕೆ ಹಿರಿಯರು ‘ಮರಹಬಾ’ ಎನ್ನಬೇಕು. ಇನ್ನು ‘ಬಾಬು’ ಎಂದರೆ ಸ್ವಾಹಿಲಿ ಭಾಷೆಯಲ್ಲಿ ಅಜ್ಜ. ನಮ್ಮ ದೇಶದಲ್ಲಿ ಬಾಬು ಎಂದರೆ ಗುಮಾಸ್ತ. ನಾನು ಎರಡೂ ಆಗಿರುವುದರಿಂದ ಆ ಹೆಸರು ನನಗೆ ಚೆನ್ನಾಗಿಯೇ ಒಪ್ಪಿತು.

ಕೋಟೆಯೊಳಗೆ ಒಂದು ಕಡೆ ಗೋಡೆಯ ಮೇಲೆ ಹಡಗುಗಳ ಚಿತ್ರಗಳಿವೆ. ಕೆಲಸವಿಲ್ಲದ ಹೊತ್ತಿನಲ್ಲಿ ಪೋರ್ಚುಗೀಸ್ ನಾವಿಕರು ಗೀಚಿದವು. ‘ನಾನು ಗೋಡೆ ಮೇಲೆ ಬರೆದರೆ ಅಮ್ಮ ಬೈತಾಳೆ, ಇವರು ಬರೆದದ್ದನ್ನು ಮಾತ್ರ ಮ್ಯೂಸಿಯಂನಲ್ಲಿ ಇಟ್ಟಿದ್ದಾರೆ’ ಎಂದ ಮೊಮ್ಮಗ. ‘ನೀನೂ ನಾನೂರು ವರ್ಷ ಕಾಯಬೇಕಪ್ಪ’ ಎಂದಳು ನನ್ನಾಕೆ.

ಈ ಕೋಟೆಯ ಕಥೆಗಳಲ್ಲಿ ನನ್ನ ಮನಸ್ಸಿನಲ್ಲಿ ನಿಂತದ್ದು ಯೂಸುಫ್ ಎಂಬ ರಾಜಕುಮಾರನದು. ಅವನ ತಂದೆ ಮೊಂಬಾಸಾದ ಸುಲ್ತಾನ. ಪೋರ್ಚುಗೀಸರೊಂದಿಗೆ ಮನಸ್ತಾಪವಾಗಿ ಕೊಲೆಯಾದ. ಎಳೆಯ ಹುಡುಗನನ್ನು ಗೋವಾಕ್ಕೆ ಕಳುಹಿಸಿ, ಅಲ್ಲಿ ಪಾದ್ರಿಗಳ ಬಳಿ ಓದಿಸಿ, ಮತಾಂತರ ಮಾಡಿ, ದೋಮ್ ಜೆರೋನಿಮೊ ಎಂದು ಹೆಸರಿಟ್ಟು, ದೊಡ್ಡವನಾದ ಮೇಲೆ ಮೊಂಬಾಸಾದ ಸಿಂಹಾಸನದಲ್ಲಿ ಕೂರಿಸಿದರು. ತಾವು ಹೇಳಿದಂತೆ ಕೇಳಿಕೊಂಡಿರುತ್ತಾನೆ ಎಂಬ ಲೆಕ್ಕಾಚಾರ. ಆದರೆ 1631ರ ಆಗಸ್ಟಿನಲ್ಲಿ ಅವನು ತನ್ನ ಜನರೊಂದಿಗೆ ಕೋಟೆಯೊಳಗೆ ಬಂದು ಕ್ಯಾಪ್ಟನ್‌ನನ್ನು ಕೊಂದು ಕೋಟೆಯನ್ನೇ ವಶಪಡಿಸಿಕೊಂಡ. ಊರಿನಲ್ಲಿದ್ದ ಪೋರ್ಚುಗೀಸರೂ ಹತರಾದರು. ಮರುವರ್ಷ ಅವನು ಕೋಟೆ ಬಿಟ್ಟು ಸಮುದ್ರದ ಪಾಲಾಗಿ ಅಲೆದ. ಪೋರ್ಚುಗೀಸರು ಮತ್ತೆ ಒಳಗೆ ಬಂದರು. ತಂದೆಯನ್ನು ಕಳೆದುಕೊಂಡ ಹುಡುಗನಿಗೆ ಎಷ್ಟು ಪಾಠ ಹೇಳಿಕೊಟ್ಟರೂ ಮನೆಯ ನೆನಪು ಅಳಿಯುವುದಿಲ್ಲ.

ಮುಂದೆ ಓಮಾನಿನ ಅರಬರು 1696ರ ಮಾರ್ಚಿನಲ್ಲಿ ಮುತ್ತಿಗೆ ಹಾಕಿದರು. ಅದು 1698ರ ಡಿಸೆಂಬರಿನವರೆಗೆ, ಸುಮಾರು 33 ತಿಂಗಳು ನಡೆಯಿತು. ಹಸಿವು, ಕಾಯಿಲೆಗಳಿಂದ ಒಳಗಿದ್ದವರು ಒಬ್ಬೊಬ್ಬರಾಗಿ ಸತ್ತು ಕೊನೆಗೆ ಉಳಿದವರು ಬೆರಳೆಣಿಕೆಯಷ್ಟು. ಅವರಿಗೆ ಗೋವಾದಿಂದ ನೆರವು ತಂದ ಹಡಗುಗಳಲ್ಲಿ ಒಂದು ‘ಸಾಂತೊ ಅಂತೋನಿಯೊ ದೆ ತನ್ನಾ’. 1681ರಲ್ಲಿ ನಮ್ಮ ಮುಂಬಯಿ ಸಮೀಪದ ವಸಾಯಿಯಲ್ಲಿ ಕಟ್ಟಿದ ಹಡಗು ಇದು. 1697ರಲ್ಲಿ ಕೋಟೆಯ ಎದುರಿಗೇ ಮುಳುಗಿತು. 1970ರ ದಶಕದ ಕೊನೆಯಲ್ಲಿ ಮುಳುಗುಗಾರರು ತಳದಿಂದ ಎತ್ತಿದ ಅದರ ಸಾಮಾನುಗಳು ಕೋಟೆಯ ಮ್ಯೂಸಿಯಂನಲ್ಲಿವೆ. ಗಾಜಿನ ಪೆಟ್ಟಿಗೆಯ ಮುಂದೆ ನಾವು ಬಹಳ ಹೊತ್ತು ನಿಂತೆವು. ವಸಾಯಿಯ ಬಡಗಿಗಳ ಕೈಕೆಲಸವನ್ನು ನೋಡಲು ಮೊಂಬಾಸಾದವರೆಗೆ ಹೋಗಬೇಕಾಯಿತು ನೋಡಿ.

ಬ್ರಿಟಿಷರ ಕಾಲದಲ್ಲಿ, 1895ರಿಂದ 1958ರವರೆಗೆ, ಇದು ಜೈಲಾಗಿತ್ತು. ಆಮೇಲೆ ಮ್ಯೂಸಿಯಂ ಆಯಿತು. 2011ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿತು.

ಮೊಮ್ಮಗ ಕೇಳಿದ ಪ್ರಶ್ನೆ

ಕೋಟೆಯೊಳಗಿನಿಂದ ಸಮುದ್ರಕ್ಕೆ ಇಳಿಯುವ ಒಂದು ದಾರಿಯಿದೆ. ಹವಳದ ಬಂಡೆಯನ್ನು ಕೊರೆದು ಮಾಡಿದ ಕಮಾನಿನ ದಾರಿ. ಅಲ್ಲಿ ನಿಂತಾಗ ಮಾರ್ಗದರ್ಶಿ ಈ ಕರಾವಳಿಯ ಕಹಿ ಕಥೆಯನ್ನು ಹೇಳಿದರು. ದಂತ, ಚಿನ್ನಗಳ ಜೊತೆಗೆ ಇಲ್ಲಿಂದ ಮನುಷ್ಯರನ್ನೂ ಸಾಗಿಸುತ್ತಿದ್ದರು. ಒಳನಾಡಿನ ಹಳ್ಳಿಗಳಿಂದ ಹಿಡಿದು ತಂದ ಗಂಡಸರು, ಹೆಂಗಸರು, ಮಕ್ಕಳು. ಅರಬರೂ ಮಾರಿದರು, ಪೋರ್ಚುಗೀಸರೂ ಮಾರಿದರು. ಕೊಂಡವರು ಅರೇಬಿಯಾದಲ್ಲಿದ್ದರು, ಪರ್ಷಿಯಾದಲ್ಲಿದ್ದರು, ನಮ್ಮ ಗೋವಾದಲ್ಲೂ ಇದ್ದರು.

ಮೊಮ್ಮಗ ಸುಮ್ಮನೆ ಕೇಳುತ್ತಿದ್ದವನು ಇಂಗ್ಲಿಷಿನಲ್ಲಿ ಅವರನ್ನೇ ಕೇಳಿದ, ‘ಹೋದವರಲ್ಲಿ ಯಾರಾದರೂ ವಾಪಸ್ ಬಂದರಾ?’

ಮಾರ್ಗದರ್ಶಿ ಸ್ವಲ್ಪ ಹೊತ್ತು ಅವನನ್ನೇ ನೋಡಿದರು. ‘ಕೆಲವರು ಬಂದರು ಮಗು. ನಾಳೆ ಕೆಂಗೆಲೇನಿಗೆ ಹೋಗಿ, ಗಂಟೆ ನೋಡಿ’ ಎಂದರು.

ಮಾರನೆಯ ದಿನ ಹೋದೆವು. ದ್ವೀಪದಿಂದ ಸೇತುವೆ ದಾಟಿ ಉತ್ತರಕ್ಕೆ ಸ್ವಲ್ಪ ದೂರ. ಸ್ವಾಹಿಲಿಯಲ್ಲಿ ‘ಕೆಂಗೆಲೆ’ ಎಂದರೆ ಗಂಟೆ. ಕೆಂಗೆಲೇನಿ ಎಂದರೆ ಗಂಟೆ ಇರುವ ಜಾಗ. ಲಾರಿ, ಮಟಾಟು ವ್ಯಾನುಗಳ ಗದ್ದಲದ ನಡುವೆ ಆ ಗಂಟೆಯ ಸ್ಮಾರಕವಿದೆ. ಗೊತ್ತಿಲ್ಲದವರು ನೋಡದೆಯೇ ಮುಂದೆ ಹೋಗಿಬಿಡುತ್ತಾರೆ. ಇಲ್ಲಿದ್ದದ್ದು ಫ್ರೀಯರ್ ಟೌನ್. ಗುಲಾಮಗಿರಿಯಿಂದ ಬಿಡುಗಡೆಯಾದವರಿಗಾಗಿ 1875ರ ಸುಮಾರಿಗೆ ಮಿಷನರಿಗಳು ಕಟ್ಟಿದ ಊರು. ಮುಂಬಯಿ ಪ್ರಾಂತ್ಯದ ಗವರ್ನರ್ ಆಗಿದ್ದ ಬಾರ್ಟ್ಲ್ ಫ್ರೀಯರ್ ಹೆಸರಿನದು. ಗುಲಾಮರ ಹಡಗು ಕಂಡರೆ ಗಂಟೆ ಬಾರಿಸಿ ಜನರನ್ನು ಎಚ್ಚರಿಸುತ್ತಿದ್ದರು ಎನ್ನುತ್ತಾರೆ.

ಈ ಊರಿನ ಮೊದಲ ನಿವಾಸಿಗಳಲ್ಲಿ ಹಲವರು ಬಂದದ್ದು ಎಲ್ಲಿಂದ ಗೊತ್ತೇ? ನಮ್ಮ ನಾಸಿಕದಿಂದ! ಬ್ರಿಟಿಷ್ ನೌಕಾಪಡೆ ಸಮುದ್ರದಲ್ಲಿ ಗುಲಾಮರ ಹಡಗುಗಳನ್ನು ತಡೆದು ಬಿಡಿಸಿದ ಮಕ್ಕಳಲ್ಲಿ ಕೆಲವರನ್ನು ಮುಂಬಯಿಗೆ ತಂದು ಇಳಿಸಿತ್ತು. ಅವರನ್ನು ನಾಸಿಕದ ಬಳಿಯ ಶರಣಪುರದ ಆಶ್ರಮದಲ್ಲಿ ಸಾಕಿ, ಓದು ಬರಹ, ಬಡಗಿತನ, ಕಮ್ಮಾರಿಕೆ ಕಲಿಸಿದರು. ದೊಡ್ಡವರಾದ ಮೇಲೆ ಅವರಲ್ಲಿ ಕೆಲವರು ಮೊಂಬಾಸಾಕ್ಕೆ ಮರಳಿದರು. ‘ಬಾಂಬೆ ಆಫ್ರಿಕನ್ನರು’ ಎಂದೇ ಅವರಿಗೆ ಹೆಸರಾಯಿತು. ಪ್ರಸಿದ್ಧ ಅನ್ವೇಷಕ ಲಿವಿಂಗ್‌ಸ್ಟನ್ 1873ರಲ್ಲಿ ಆಫ್ರಿಕಾದ ನಡುನಾಡಿನಲ್ಲಿ ತೀರಿಕೊಂಡಾಗ ಅವರ ದೇಹವನ್ನು ತಿಂಗಳುಗಟ್ಟಲೆ ಹೊತ್ತು ಸಮುದ್ರತೀರಕ್ಕೆ ತಂದ ತಂಡದಲ್ಲಿದ್ದ ಜೇಕಬ್ ವೈನ್‌ರೈಟ್ ಕೂಡ ನಾಸಿಕದಲ್ಲಿ ಓದಿದವನೇ.

‘ಹಾಗಾದರೆ ವಾಪಸ್ ಬಂದವರಿಗೆ ಅವರ ಅಪ್ಪ ಅಮ್ಮ ಸಿಕ್ಕಿದರಾ ಅಜ್ಜ?’ ಎಂದ ಮೊಮ್ಮಗ. ಹಿಡಿದೊಯ್ದಾಗ ಅವರು ಅವನಷ್ಟೇ ವಯಸ್ಸಿನವರು, ಕೆಲವರು ಇನ್ನೂ ಚಿಕ್ಕವರು. ಊರಿನ ಹೆಸರೇ ಮರೆತಿರುವಾಗ ಮನೆಯನ್ನು ಹುಡುಕುವುದು ಹೇಗೆ? ಹಾಗೆಂದೇ ಹೇಳಿದೆ. ಅವನು ಮತ್ತೆ ಮಾತಾಡಲಿಲ್ಲ.

ಪೇಟೆಯಲ್ಲಿ ಸಿಕ್ಕ ನಮ್ಮ ಮಾತುಗಳು

ಮೊಂಬಾಸಾದ ಹಳೇ ಪೇಟೆಯ ಓಣಿಗಳು ಕಿರಿದು. ಮನೆಗಳ ಬಾಗಿಲುಗಳ ಮೇಲೆ ಹೂಬಳ್ಳಿಯ ಕೆತ್ತನೆ. ಕೆಲವು ಬಾಗಿಲುಗಳಿಗೆ ಹಿತ್ತಾಳೆಯ ಮೊಳೆಗಳು. ಗುಜರಾತಿನ ಶೈಲಿಯ ಪ್ರಭಾವ ಅದರಲ್ಲಿದೆ ಎನ್ನುತ್ತಾರೆ. ಅಲ್ಲಿನ ಮಾತು ಕೇಳುತ್ತಾ ಹೋದರೆ ಕಿವಿಗೆ ಪರಿಚಯದ ಪದಗಳು ಬೀಳುತ್ತವೆ. ಬಂದರಿಗೆ ‘ಬಂದಾರಿ’, ಸಾಬೂನಿಗೆ ‘ಸಬೂನಿ’, ವಕೀಲರಿಗೆ ‘ವಕೀಲಿ’, ತಾರೀಖಿಗೆ ‘ತರೇಹೆ’, ಬಣ್ಣಕ್ಕೆ ‘ರಂಗಿ’, ಲಕ್ಷಕ್ಕೆ ‘ಲಕಿ’, ಹಣಕ್ಕೆ ‘ಪೇಸಾ’. ಲೆಕ್ಕಕ್ಕೆ ‘ಹೆಸಾಬು’, ಷೇರಿಗೆ ‘ಹಿಸಾ’, ವಿಮೆಗೆ ‘ಬೀಮಾ’, ಖಜಾನೆಗೆ ‘ಹಜೀನಾ’. ಇನ್ನು ಗುಮಾಸ್ತನಿಗೆ? ‘ಕರಾನಿ’! ನಮ್ಮ ಕರಣಿಕನ ನೆನಪಾಯಿತು. ಅರಬ್ಬಿ, ಪಾರ್ಸಿ, ಹಿಂದಿಗಳ ಮಾತುಗಳು ಹಡಗು ಹತ್ತಿ ಎರಡೂ ದಡಗಳಿಗೆ ಹೋಗಿವೆ. 1920ರವರೆಗೆ ಇಲ್ಲಿ ನಮ್ಮ ಬೆಳ್ಳಿ ರೂಪಾಯಿಯೂ ಚಲಾವಣೆಯಲ್ಲಿತ್ತು.

ಅವರ ಗಡಿಯಾರ ಮಾತ್ರ ಬೇರೆ. ಬೆಳಗ್ಗೆ ಏಳಕ್ಕೆ ಅವರು ‘ಸಾ ಮೋಜಾ’, ಅಂದರೆ ಒಂದು ಗಂಟೆ ಎನ್ನುತ್ತಾರೆ. ಎಣಿಕೆ ಶುರುವಾಗುವುದು ಸೂರ್ಯ ಹುಟ್ಟಿದ ಮೇಲೆ. ಪಂಚಾಂಗದಲ್ಲಿ ಸೂರ್ಯೋದಯದಿಂದ ಘಳಿಗೆ ಎಣಿಸುವ ನಮಗೆ ಇದು ವಿಚಿತ್ರವೆನಿಸಬೇಕಿಲ್ಲ.

ಗೇಡಿ: ಕಾಡು ನುಂಗಿದ ಊರು

ಮೊಂಬಾಸಾದಿಂದ ಉತ್ತರಕ್ಕೆ ನೂರು ಕಿಲೋಮೀಟರಿಗೆ ತುಸು ಮೇಲೆ ಮಲಿಂದಿ ಇದೆ. 1498ರ ಏಪ್ರಿಲಿನಲ್ಲಿ ವಾಸ್ಕೊ ಡ ಗಾಮ ಇಲ್ಲಿಗೆ ಬಂದ. ಇಲ್ಲಿನ ಸುಲ್ತಾನ ಕೊಟ್ಟ ದಾರಿ ಬಲ್ಲ ನಾವಿಕನೇ ಅವನನ್ನು ಕಲ್ಲಿಕೋಟೆಗೆ ಮುಟ್ಟಿಸಿದ್ದು. ಸಮುದ್ರದ ಬಂಡೆಯ ಮೇಲೆ ಅವನ ನೆನಪಿನ ಶಿಲುಬೆಯ ಕಂಬವಿದೆ. ಅದಕ್ಕಿಂತ ಮೊದಲೇ, 1415ರಲ್ಲಿ, ಮಲಿಂದಿಯವರು ಚೀನಾದ ಚಕ್ರವರ್ತಿಗೆ ಒಂದು ಜಿರಾಫೆಯನ್ನು ಕಾಣಿಕೆ ಕಳುಹಿಸಿದ್ದರು. ಹಡಗಿನಲ್ಲಿ ಜಿರಾಫೆ ಕತ್ತು ಎಲ್ಲಿಟ್ಟುಕೊಂಡಿತ್ತು ಎಂಬ ಚರ್ಚೆ ನಮ್ಮ ಕಾರಿನಲ್ಲಿ ಅರ್ಧ ಗಂಟೆ ನಡೆಯಿತು.

ಮಲಿಂದಿಗೆ ಹದಿನಾರು ಕಿಲೋಮೀಟರ್ ಮೊದಲು ಕಾಡಿನೊಳಗೆ ಗೇಡಿ. ಸುಮಾರು 45 ಎಕರೆಯ ಊರು. ಎಂಟುನೂರು ವರ್ಷಗಳ ಹಿಂದೆ ಆಗಲೇ ಇಲ್ಲಿ ಜನರಿದ್ದರು. ಅರಮನೆ, ದೊಡ್ಡ ಮಸೀದಿ, ಕಂಬದ ಗೋರಿಗಳು, ಆಳದ ಬಾವಿಗಳು, ಬಚ್ಚಲು, ಚರಂಡಿ ಎಲ್ಲವೂ ಇದ್ದ ಅಚ್ಚುಕಟ್ಟಾದ ಪಟ್ಟಣ. ಒಂದು ಗೋರಿಯ ಮೇಲೆ ಹಿಜರಿ 802, ಅಂದರೆ ಕ್ರಿ.ಶ. 1399ರ ಬರಹವಿದೆ. ಹದಿನೇಳನೆಯ ಶತಮಾನದ ಹೊತ್ತಿಗೆ ಜನ ಊರು ಬಿಟ್ಟರು. ಬಾವಿಗಳ ನೀರು ಕೆಳಗಿಳಿಯಿತು, ಹೊರಗಿನವರ ದಾಳಿ ಹೆಚ್ಚಿತು ಎಂದು ಪಂಡಿತರು ಕಾರಣ ಕೊಡುತ್ತಾರೆ. ಆಮೇಲೆ ಮರಗಳು ಬಂದವು. ಈಗ ಗೋಡೆಗಳ ಮೇಲೆ ಬೇರುಗಳು ಹಾವಿನಂತೆ ಇಳಿದಿವೆ. ಮಸೀದಿಯ ಅಂಗಳದಲ್ಲಿ ಕೋತಿಗಳ ಓಡಾಟ. ಹತ್ತಿರದ ಮಲಿಂದಿಯಲ್ಲೇ ಇದ್ದ ಪೋರ್ಚುಗೀಸರ ಬರಹಗಳಲ್ಲಿ ಈ ಊರಿನ ಹೆಸರಿಲ್ಲ ಎಂಬುದು ಇನ್ನೂ ಬಿಡಿಸಲಾಗದ ಒಗಟು.

1948ರಿಂದ ಜೇಮ್ಸ್ ಕರ್ಕ್‌ಮನ್ ಎಂಬ ವಿದ್ವಾಂಸರು ಇಲ್ಲಿ ಅಗೆತ ನಡೆಸಿದರು. ಪ್ರತಿ ಮನೆಗೂ ಅಲ್ಲಿ ಸಿಕ್ಕ ವಸ್ತುವಿನ ಹೆಸರನ್ನೇ ಇಟ್ಟಿದ್ದಾರೆ. ಕತ್ತರಿಯ ಮನೆ, ಪಿಂಗಾಣಿ ಬಟ್ಟಲಿನ ಮನೆ, ಚೀನೀ ಕಾಸಿನ ಮನೆ, ಕವಡೆ ಮನೆ. ನಾವು ಬೆಲೆಯಿಲ್ಲದ್ದಕ್ಕೆ ‘ಕವಡೆ ಕಾಸಿನ ಕಿಮ್ಮತ್ತಿಲ್ಲ’ ಎನ್ನುತ್ತೇವಲ್ಲ, ಆ ಕಾಲದಲ್ಲಿ ಕವಡೆಯೂ ಹಣವೇ. ‘ಕಬ್ಬಿಣದ ದೀಪದ ಮನೆ’ಯೂ ಇದೆ. ಆ ದೀಪ ಭಾರತದ್ದು. ಮನೆಯ ಮುಂದೆ ನನ್ನಾಕೆ ಒಂದು ಕ್ಷಣ ಕೈಮುಗಿದಳು.

ನನಗೆ ತುಂಬ ಹಿಡಿಸಿದ್ದು ಅರಮನೆಯ ಖಜಾನೆ ಕೋಣೆ. ಅದಕ್ಕೆ ಬಾಗಿಲೇ ಇಲ್ಲ! ಗೋಡೆಯ ಮೇಲ್ಭಾಗದಲ್ಲಿ ಒಂದು ಸಣ್ಣ ಕಿಂಡಿ ಅಷ್ಟೇ. ಏಣಿ ಹಾಕಿ ಹತ್ತಿ, ಕಿಂಡಿಯಲ್ಲಿ ನುಸುಳಿ ಇಳಿಯಬೇಕು. ನಮ್ಮ ಬ್ಯಾಂಕಿನ ಸ್ಟ್ರಾಂಗ್ ರೂಮಿಗೆ ಎರಡು ಬೀಗದ ಕೈ, ಇಬ್ಬರು ಜವಾಬ್ದಾರರು. ಇಲ್ಲಿ ಏಣಿ ಯಾರ ಬಳಿಯಿದೆಯೋ ಅವನೇ ಖಜಾಂಚಿ. 2024ರಲ್ಲಿ ಗೇಡಿಯೂ ಯುನೆಸ್ಕೊ ಪಟ್ಟಿಗೆ ಸೇರಿದೆ.

ಹೋಗುವವರಿಗೆ ನಾಲ್ಕು ಮಾತು

ಹಳದಿ ಜ್ವರದ ಲಸಿಕೆ ಹಾಕಿಸಿಕೊಂಡ ಪ್ರಮಾಣಪತ್ರ ಇಲ್ಲದಿದ್ದರೆ ವಾಪಸ್ ಬರುವಾಗ ನಮ್ಮ ವಿಮಾನ ನಿಲ್ದಾಣದಲ್ಲೇ ತಡೆಯುತ್ತಾರೆ. ಪ್ರಯಾಣಕ್ಕೆ ಕನಿಷ್ಠ ಹತ್ತು ದಿನ ಮೊದಲೇ ಹಾಕಿಸಿಕೊಳ್ಳಿ. ಅರವತ್ತು ದಾಟಿದವರು ವೈದ್ಯರನ್ನು ಕೇಳಿಯೇ ಮುಂದುವರಿಯಿರಿ. ಕರಾವಳಿಯಲ್ಲಿ ಮಲೇರಿಯಾ ಇದೆ, ಸೊಳ್ಳೆಯಿಂದ ಜೋಪಾನ. ಏಪ್ರಿಲ್, ಮೇ ತಿಂಗಳುಗಳಲ್ಲಿ ಜೋರು ಮಳೆ. ಜುಲೈಯಿಂದ ಅಕ್ಟೋಬರ್ ಹಿತ. ಸಸ್ಯಾಹಾರಿಗಳು ಹೆದರಬೇಕಿಲ್ಲ. ಬೆಳಗಿನ ತಿಂಡಿಗೆ ‘ಮಹಮ್ರಿ’ ಎಂಬ ಏಲಕ್ಕಿ ಪರಿಮಳದ ಕರಿದ ರೊಟ್ಟಿ, ಜೊತೆಗೆ ತೆಂಗಿನ ಹಾಲಿನಲ್ಲಿ ಬೇಯಿಸಿದ ತೊಗರಿಕಾಳು ಸಿಗುತ್ತದೆ. ರಸ್ತೆ ಬದಿಯಲ್ಲಿ ‘ಮಡಾಫು’ ಎಂದು ಕೂಗಿದರೆ ಎಳನೀರು ಎಂದು ತಿಳಿಯಿರಿ.

ಲೆಕ್ಕಕ್ಕೆ ಸಿಗದವರು

ಗೇಡಿಯಲ್ಲಿ ಬಂದ ಸಾಮಾನಿನ ಲೆಕ್ಕವಿದೆ. ಚೀನಾದ ಪಿಂಗಾಣಿ ಇಷ್ಟು, ವೆನಿಸ್ಸಿನ ಮಣಿ ಇಷ್ಟು. ಆದರೆ ಈ ಕರಾವಳಿಯಿಂದ ಹೋದ ಮನುಷ್ಯರ ಲೆಕ್ಕದಲ್ಲಿ ಹೆಸರುಗಳಿಲ್ಲ.

ಅವರಲ್ಲಿ ಕೆಲವರ ವಂಶದವರು ನಮ್ಮಲ್ಲೇ ಇದ್ದಾರೆ. ಯಲ್ಲಾಪುರ, ಹಳಿಯಾಳ, ಮುಂಡಗೋಡ, ಅಂಕೋಲಾದ ಕಾಡುಗಳಲ್ಲಿ ನೆಲೆಸಿರುವ ಸಿದ್ದಿಗಳು. ಪೂರ್ವ ಆಫ್ರಿಕಾದ ದಡದಿಂದ, ಅದರಲ್ಲೂ ಮೊಜಾಂಬಿಕ್ ಕಡೆಯಿಂದ, ಪೋರ್ಚುಗೀಸರು ಗೋವಾಕ್ಕೆ ತಂದ ಗುಲಾಮರಲ್ಲಿ ಹಲವರು ತಪ್ಪಿಸಿಕೊಂಡು ಘಟ್ಟದ ಕಾಡು ಸೇರಿದರು. ಇಂದು ಅವರಲ್ಲಿ ಹಿಂದೂಗಳಿದ್ದಾರೆ, ಮುಸ್ಲಿಮರಿದ್ದಾರೆ, ಕ್ರೈಸ್ತರಿದ್ದಾರೆ. ಮನೆಮಾತು ಕೊಂಕಣಿ, ಕನ್ನಡವನ್ನೂ ಚೆನ್ನಾಗಿ ಆಡುತ್ತಾರೆ. ಹಳೇ ಬಟ್ಟೆಯ ತುಂಡುಗಳಿಂದ ಅವರು ಹೊಲಿಯುವ ಕೌದಿಗಳಿಗೆ ಈಗ ದೂರದೂರದಿಂದ ಬೇಡಿಕೆಯಿದೆ. 2003ರಲ್ಲಿ ಉತ್ತರ ಕನ್ನಡದ ಸಿದ್ದಿಗಳು ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದರು. 2020ರಲ್ಲಿ ಶಾಂತಾರಾಮ ಸಿದ್ದಿಯವರು ವಿಧಾನ ಪರಿಷತ್ತಿನ ಸದಸ್ಯರಾದರು.

ಎಂಬತ್ತರ ದಶಕದಲ್ಲಿ ನಾನು ಯಲ್ಲಾಪುರ ತಾಲ್ಲೂಕಿನ ಒಂದು ಶಾಖೆಯಲ್ಲಿದ್ದೆ. ಉಳಿತಾಯ ಖಾತೆ ತೆರೆಯಲು ಬಂದ ಒಬ್ಬ ಸಿದ್ದಿ ಅಜ್ಜಿಗೆ ಅರ್ಜಿ ತುಂಬಿಕೊಡುತ್ತಾ ‘ನಿಮ್ಮ ಮೂಲ ಊರು ಯಾವುದಮ್ಮ?’ ಎಂದು ಕೇಳಿದ್ದೆ. ‘ನಮ್ಮ ಹಿರೀರು ಹಡಗಿನಾಗೆ ಬಂದವ್ರಂತೆ ಸಾಯ್ಬ್ರೆ. ಊರ ಹೆಸ್ರು ಹೇಳೋರು ಯಾರೂ ಉಳೀಲಿಲ್ಲ. ಈ ಊರೇ ಬರ್ಕಳಿ’ ಎಂದಿದ್ದರು. ಬರೆದುಕೊಂಡೆ, ಹೆಬ್ಬೆಟ್ಟು ಒತ್ತಿಸಿಕೊಂಡೆ.

ನೈರೋಬಿಗೆ ಮರಳುವ ರೈಲಿನಲ್ಲಿ ಇದನ್ನೆಲ್ಲ ಮಕ್ಕಳಿಗೆ ಹೇಳಿದೆ. ಮೊಮ್ಮಗಳು ತನ್ನ ಪುಸ್ತಕದಲ್ಲಿ ಬರೆದ ನಕ್ಷೆಯನ್ನು ತೆಗೆದಳು. ಮೊಂಬಾಸಾ, ಮಲಿಂದಿ, ಗೇಡಿ ಎಲ್ಲಕ್ಕೂ ಚುಕ್ಕೆ ಇಟ್ಟಿದ್ದಳು. ಸಮುದ್ರದ ಈಚೆ ದಡದಲ್ಲಿ ಗೋವಾ ಗುರುತಿಸಿ, ಅದರ ಕೆಳಗೆ ಘಟ್ಟದ ಜಾಗದಲ್ಲಿ ಇನ್ನೊಂದು ಚುಕ್ಕೆ ಇಟ್ಟು ‘ಯಲ್ಲಾಪುರ’ ಎಂದು ಬರೆದಳು. ಡಿಸೆಂಬರ್ ರಜೆಗೆ ಅವರು ಊರಿಗೆ ಬರುತ್ತಾರೆ. ಎಲ್ಲಿಗೆ ಕರೆದುಕೊಂಡು ಹೋಗಬೇಕೆಂದು ನನಗೆ ಆಗಲೇ ಅಪ್ಪಣೆಯಾಗಿದೆ.